ಸಿಂಗಾಚಾರಿ ಬರೆದ ಬಲಗೈ

ತಲೆಯಿಲ್ಲ, ತೋಳಿಲ್ಲ, ಮೈಮೇಲೆ ನೂಲೆಳೆಯಿಲ್ಲ. ಆದರೂ ಸಿರಿಗುಂದದ ಅರಮನೆಯಲ್ಲಿ ಅವನ ಮುಂದೆ ಕಣ್ಣು ಕಿರಿದು ಮಾಡಿ ಕೂತಷ್ಟು ಜನ ಮಹಾಪ್ರಭುಗಳ ಮುಂದೆಯೂ ಕೂತಿರಲಿಲ್ಲ. ಯಾರವನು? ತಲೆ ಕೆಡಿಸಿಕೊಳ್ಳಬೇಡಿ, ನಿಮ್ಮಿಂದಾಗದು. ಅವನು ಯವನ ದೇಶದ ಯಾವನೋ ವೀರ; ಹುಲ್ಲು ತುಂಬಿದ ಪೆಟ್ಟಿಗೆಯೊಳಗೆ ಮಲಗಿ ಸಮುದ್ರ ದಾಟಿ ಬಂದ ಪ್ಲಾಸ್ಟರ್ ಬೊಂಬೆ.

ಆ ಕಾಲದ ಸಿರಿಗುಂದವೆಂದರೆ ಸಾಮಾನ್ಯವೇ! ಕೋಟೆಯ ಬಾಗಿಲಲ್ಲಿ ಆನೆಗಳು ಕಿವಿ ಬೀಸುತ್ತಿದ್ದವು. ಹೂವಿನ ಪೇಟೆಯ ಪರಿಮಳ ಕುದುರೆ ಲಾಯದ ವಾಸನೆಯೊಡನೆ ದಿನವೂ ಜಗಳವಾಡಿ ದಿನವೂ ಸೋಲುತ್ತಿತ್ತು. ಇಂಥ ರಾಜಧಾನಿಯ ನಟ್ಟನಡುವೆ ಕಲಾಪ್ರಿಯರಾದ ಮಹಾಪ್ರಭುಗಳು ಯೂರೋಪಿನ ಪದ್ಧತಿಯ ಚಿತ್ರಶಾಲೆಯೊಂದನ್ನು ಸ್ಥಾಪಿಸಿ, ಪರಂಗಿ ಗುರುವೊಬ್ಬನನ್ನು ಕರೆಸಿದ್ದರು. ಅವನ ಶಾಸ್ತ್ರ ಬಲು ಕಟ್ಟುನಿಟ್ಟು. ಮೊದಲು ಬಿಡಿಬಿಡಿಯಾಗಿ ಬಂದ ಪ್ಲಾಸ್ಟರಿನ ಮೂಗು, ಕಿವಿ, ಕೈಕಾಲುಗಳನ್ನು ಇದ್ದಿಲಿನಲ್ಲಿ ವರ್ಷಗಟ್ಟಲೆ ಬರೆಯಬೇಕು. ಜೀವಂತ ಮನುಷ್ಯ ಆಮೇಲೆ. ಕಣ್ಣೆದುರಿಗಿಲ್ಲದ್ದನ್ನು ಬರೆಯುವವನು ಚಿತ್ರಗಾರನಲ್ಲ, ಸುಳ್ಳುಗಾರ.

ಗುರು ತೀರಿಹೋದ ಮೇಲೆ ಶಾಲೆ ಆಸ್ಥಾನ ಚಿತ್ರಗಾರ ಸಿಂಗಾಚಾರಿಯ ಹೆಗಲಿಗೆ ಬಿತ್ತು. ನೆರಳೆಲ್ಲಿ ಮುಗಿಯುತ್ತದೆ, ಬೆಳಕೆಲ್ಲಿ ಶುರುವಾಗುತ್ತದೆ ಎಂದು ಹೇಳಿ ಹೇಳಿ ಅವನ ಗಂಟಲು ಸವೆದಿತ್ತು. ಬೊಂಬೆಗಳಿಗೆ ಮುಪ್ಪಿಲ್ಲ; ಅವನಿಗಿತ್ತು.

ಒಂದು ಮಧ್ಯಾಹ್ನ ದಿವಾನ ಅಣ್ಣಾಜಿರಾಯರು ತಾವೇ ಚಿತ್ರಶಾಲೆಗೆ ಬಂದರು. ಮಹಾಪ್ರಭುಗಳು ಹಾಸಿಗೆ ಹಿಡಿದಂದಿನಿಂದ ಅರಮನೆಯ ಬೀಗದ ಕೈಗಳೆಲ್ಲ ಅವರ ಸೊಂಟದಲ್ಲಿದ್ದವು. ಅಂಟುರೋಗವೆಂದು ಹೇಳಿ ರಾಣಿಯವರನ್ನೂ ಪ್ರಭುಗಳ ಕೋಣೆಯೊಳಗೆ ಬಿಟ್ಟಿರಲಿಲ್ಲ.

"ಆಚಾರಿ, ಪ್ರಭುಗಳು ನಮ್ಮ ತಂಗಿಯ ಮಗನನ್ನು ದತ್ತು ಸ್ವೀಕರಿಸಿ, ಸ್ವಹಸ್ತದಿಂದ ಮುದ್ರೆಯುಂಗುರ ತೊಡಿಸಿದ್ದಾರೆ. ಬರುವ ದರ್ಬಾರಿಗೆ ಚಿತ್ರ ಸಿದ್ಧವಾಗಬೇಕು."

ಇದು ಚಿಕ್ಕ ಮಾತಲ್ಲ. ಆಸ್ಥಾನ ಚಿತ್ರಗಾರ ಕಣ್ಣಾರೆ ಕಂಡು ಬರೆದ ಚಿತ್ರವಿಲ್ಲದೆ ಸಿರಿಗುಂದದಲ್ಲಿ ಪಟ್ಟವೂ ಇಲ್ಲ, ದತ್ತೂ ಇಲ್ಲ, ಚಿತ್ರವೇ ಸಾಕ್ಷಿ. ಅದು ದರ್ಬಾರಿಗೆ ಬಂತೆಂದರೆ, ಪ್ರಭುಗಳು ಹಿಂದೆಯೇ ವಾರಸುದಾರನೆಂದು ಸಾರಿದ್ದ ಅವರ ಮಗಳ ಮಗ, ಇನ್ನೂ ತೊದಲುವ ಕೂಸು, ಸಿಂಹಾಸನ ಕಳೆದುಕೊಂಡಂತೆಯೇ.

"ಬುದ್ಧೀ, ಒಮ್ಮೆ ಪ್ರಭುಗಳ ದರ್ಶನವಾದರೆ..."

"ಅವರ ಮುಖ ನಿನಗೆ ಗೊತ್ತಿಲ್ಲವೇನಯ್ಯ?"

"ಮುಖ ಬಂದೀತು. ಕೈ ಬರೆದವನಲ್ಲ, ಎಲ್ಲ ಚಿತ್ರದಲ್ಲೂ ಶಾಲಿನೊಳಗೇ ಇತ್ತು."

"ಕೈಯೆಂದರೆ ಐದು ಬೆರಳು! ನಿನಗೂ ಅಷ್ಟೇ ಇವೆ. ಹಾಗೇ ಉಳಿಯಲಿ ಎಂಬ ಆಸೆ ಉಂಟು ತಾನೆ?" ದಿವಾನರು ನಗುತ್ತಲೇ ಹೊರಟುಹೋದರು.

ಸಿಂಗಾಚಾರಿ ಶೂರನೇನಲ್ಲ. ಬರೆದು ಕೊಟ್ಟು ಮನೆಗೆ ಹೋಗಿ ಮಲಗಿಬಿಡೋಣ ಎಂದೇ ಅವನಿಗೂ ಅನ್ನಿಸಿತು. ಆದರೆ ಕುಂಚ ಹಿಡಿದರೆ ಪ್ರಭುಗಳ ಬಲಗೈಯ ಜಾಗ ಖಾಲಿಯಾಗಿಯೇ ಉಳಿಯಿತು. ಇಷ್ಟು ವರ್ಷ ಎಲ್ಲವನ್ನೂ ನೋಡಿಯೇ ಬರೆದ ಮೇಲೆ, ಈ ವಯಸ್ಸಿನಲ್ಲಿ ಹೊಸದಾಗಿ ಸುಳ್ಳು ಕಲಿಯುವಷ್ಟು ತ್ರಾಣ ಅವನಲ್ಲಿರಲಿಲ್ಲ. ನಿಟ್ಟುಸಿರು ಬಿಟ್ಟು ಗೂಡಿನಿಂದ ಪ್ಲಾಸ್ಟರಿನ ಕೈಯೊಂದನ್ನು ಇಳಿಸಿ, ಧೂಳು ಒರೆಸಿ, ಅದನ್ನೇ ಬರೆದ. ಅರಮನೆಯಲ್ಲಿ ಈ ಕೈಯನ್ನು ಗುರುತಿಸಬಲ್ಲ ದೊಡ್ಡವರು ಒಬ್ಬರೇ ಎಂಬುದು ಅವನಿಗೆ ನೆನಪಿತ್ತು. ಅವರು ನೋಡಿಯಾರೆಂಬ ಧೈರ್ಯ ಮಾತ್ರ ಇರಲಿಲ್ಲ.

"ಆಹಾ, ದೇವರ ಕೈ!" ಎಂದು ದಿವಾನರು ಹಿಗ್ಗಿದರು. ಮುದುಕರಾದ ಪ್ರಭುಗಳಿಗೆ ಇಪ್ಪತ್ತರ ಹರೆಯದವನ ಕೈ ಬಂದದ್ದು ಅವರಿಗೆ ತಪ್ಪೆನಿಸಲಿಲ್ಲ. ಪರಂಗಿ ಪದ್ಧತಿಯಲ್ಲಿ ಕೈಗಳು ಇರುವುದೇ ಹಾಗೆಂದು ಸಿರಿಗುಂದವೆಲ್ಲ ನಂಬಿತ್ತು.

ದರ್ಬಾರು ತುಂಬಿತು. ಚಿತ್ರದ ಮೇಲಿನ ರೇಷ್ಮೆ ಸರಿಯಿತು, ಮೆಚ್ಚುಗೆಯ ಗುಜುಗುಜು ಎದ್ದಿತು. ಆಗ ಪರದೆಯ ಹಿಂದಿನಿಂದ ರಾಣಿ ಪುಟ್ಟಾಜಮ್ಮಣ್ಣಿಯವರ ದನಿ ಬಂತು: "ಹತ್ತಿರ ತನ್ನಿ."

ತಂದರು.

"ಆಚಾರಿ, ಈ ಕೈ ನನಗೆ ಗೊತ್ತು. ಮದುವೆಯಾಗಿ ಬಂದ ಹೊಸದರಲ್ಲಿ ನಿಮ್ಮ ಗುರು ಇದನ್ನೇ ಅಂತಃಪುರಕ್ಕೆ ಕಳಿಸಿ ನನ್ನಿಂದ ಬರೆಸುತ್ತಿದ್ದ. ಹೆಬ್ಬೆರಳು ಸರಿಬಾರದೆ ಅತ್ತಿದ್ದೇನೆ. ಪ್ರಭುಗಳಿಗೆ ಬೊಂಬೆಯ ಕೈ ಯಾವಾಗ ಬಂತು?"

"ಅಮ್ಮಣ್ಣಿಯವರೇ, ಅದು ಕಲೆಯ ಸೊಬಗಿಗಾಗಿ..." ದಿವಾನರು ಎದ್ದರು.

"ನಿಮ್ಮನ್ನು ಕೇಳಲಿಲ್ಲ, ದಿವಾನರೇ."

ಸಿಂಗಾಚಾರಿ ತನ್ನ ಬಲಗೈಯನ್ನೊಮ್ಮೆ ನೋಡಿಕೊಂಡ. ಉಗುರಿನ ಸಂದಿಯಲ್ಲಿ ಇದ್ದಿಲು.

"ತಾಯೀ, ಜೀವಂತ ಕೈಯನ್ನು ನನಗೆ ತೋರಿಸಲಿಲ್ಲ. ಕಣ್ಣೆದುರಿಗಿದ್ದದ್ದನ್ನು ಬರೆದೆ. ಉಂಗುರ ತೊಡಿಸಿದ್ದನ್ನು ನಾನು ಕಂಡಿಲ್ಲ."

ಪರದೆ ಸರಿಯಿತು. ಎಂದೂ ದರ್ಬಾರಿಗೆ ಮುಖ ತೋರದ ರಾಣಿಯವರು ನೇರ ನಡೆದುಬಂದು ದಿವಾನರ ಸೊಂಟದಿಂದ ಬೀಗದ ಕೈ ಕಿತ್ತುಕೊಂಡರು. ತಡೆಯಲು ಯಾವ ಭಟನಿಗೂ ಕೈ ಬರಲಿಲ್ಲ. ಪ್ರಭುಗಳ ಕೋಣೆಯ ಬಾಗಿಲನ್ನು ತಾವೇ ತೆರೆದರು. ಒಳಗೆ ಪ್ರಭುಗಳಿಗೆ ಜೀವವಿತ್ತು, ಮಾತಿರಲಿಲ್ಲ. ಪಾರ್ಶ್ವವಾಯು ಬಡಿದ ಬಲಗೈ ಬೇರೆ ಯಾರದೋ ಎಂಬಂತೆ ಹಾಸಿಗೆಯ ಮೇಲೆ ಬಿದ್ದಿತ್ತು. ಉಂಗುರ ಕಿತ್ತ ಬೆರಳಿನಲ್ಲಿ ಬಿಳಿಯ ಗುರುತು ಮಾತ್ರ. ಉಂಗುರ ತೊಡಿಸುವುದಿರಲಿ, ಆ ಕೈ ನೊಣ ಓಡಿಸಿಯೂ ತಿಂಗಳಾಗಿತ್ತು.

ದಿವಾನರನ್ನು ಸೆರೆಗೆ ಒಯ್ದ ಮೇಲೆ ರಾಣಿಯವರು ಕೇಳಿದರು: "ಏನು ಬೇಕು, ಆಚಾರಿ? ಜಹಗೀರೇ? ಪಲ್ಲಕ್ಕಿಯೇ?"

"ತಾಯೀ, ಸ್ವಲ್ಪ ಕೂತುಕೊಳ್ಳಲು ಅಪ್ಪಣೆಯಾಗಲಿ."

ರಾಣಿಯವರು ತಮ್ಮ ದಿಂಬನ್ನೇ ತರಿಸಿದರು. ಸಿಂಗಾಚಾರಿ ಕಂಬಕ್ಕೊರಗಿ ಕೂತು ಕಣ್ಣು ಮುಚ್ಚಿದ. ತುಂಬಿದ ದರ್ಬಾರು ನಿಂತೇ ಇತ್ತು.

ಪ್ರಭುಗಳ ಕೋಣೆಯ ಬಾಗಿಲು ತೆರೆಯುವವರೆಗಷ್ಟೇ ನಾನು ಕೇಳಿದ ಕತೆ. ಅಲ್ಲಿಂದಾಚೆ ಸಿಂಗಾಚಾರಿ ಏನಾದನೆಂದು ಯಾರೂ ಹೇಳಿದ್ದಿಲ್ಲ. ಆ ಗದ್ದಲದಲ್ಲಿ ದಿವಾನರ ಕಡೆಯವರು ಅವನ ಕೈ ಉಳಿಸಿದರೋ ಇಲ್ಲವೋ, ಅದೂ ತಿಳಿಯದು. ದಿಂಬು ತರಿಸಿದ್ದು ರಾಣಿಯವರಲ್ಲ, ನಾನು. ಅಷ್ಟು ದಣಿದವನನ್ನು ನಿಂತಲ್ಲೇ ಬಿಟ್ಟು ಹೋಗಲು ಮನಸ್ಸು ಬರಲಿಲ್ಲ.