ಪ್ರಧಾನಿಯ ಕಾಫಿ ಹೂಜಿ

ವಿಜಯದಶಮಿಯ ಮುಂಜಾನೆ ಹಂಸದುರ್ಗದ ಹೆಬ್ಬಾಗಿಲಲ್ಲಿ ನಗಾರಿ ಮೊಳಗುತ್ತಿತ್ತು. ರಾಜಬೀದಿಯ ಇಕ್ಕೆಲಗಳಲ್ಲಿ ಮಾವಿನ ತೋರಣ, ಗಂಧೋದಕದಿಂದ ತೊಯ್ದ ನೆಲ, ಪಟ್ಟದಾನೆಯ ಕೊರಳಗಂಟೆಯ ಗಂಭೀರ ನಾದ. ಆ ಸಂಭ್ರಮದಲ್ಲಿ ಅರಮನೆಯ ಭಂಡಾರಿ ಮಾದಣ್ಣನಾಯಕನೊಬ್ಬನ ಮುಖ ಮಾತ್ರ ಕಲ್ಲಾಗಿತ್ತು. ಕಳೆದ ವರ್ಷ ಇದೇ ಬೀದಿಯಲ್ಲಿ ಅವನ ಅಣ್ಣ, ದಳವಾಯಿ ಬೊಮ್ಮಣ್ಣನಾಯಕನನ್ನು ರಾಜದ್ರೋಹಿಯೆಂದು ವಧಾಸ್ಥಾನಕ್ಕೆ ಎಳೆದೊಯ್ದಿದ್ದರು.

ದಳವಾಯಿಯ ಮನೆಯಲ್ಲಿ ಸಿಕ್ಕ ಫ್ರೆಂಚ್ ಪಿಂಗಾಣಿಯ ಪೆಟ್ಟಿಗೆಯೇ ಆಗಿನ ಸಾಕ್ಷಿ. ಕೋಟೆಯ ಗುಟ್ಟು ಮಾರಿದ್ದಕ್ಕೆ ಸಂದ ಲಂಚವಿದೆಂದು ಪ್ರಧಾನಿ ನರಸಪ್ಪಯ್ಯ ಆಣೆಯಿಟ್ಟಿದ್ದ. ಚಹಾದ ಬಟ್ಟಲು, ಕಾಫಿಯ ಬಟ್ಟಲು, ತಟ್ಟೆಗಳು; ಕಡುನೀಲಿಯ ಮೇಲೆ ಹೊನ್ನಿನ ಗಿಳಿಗಳು. ಪಿಂಗಾಣಿಗಾಗಿ ಪ್ರಾಣ ಬಿಡುತ್ತಿದ್ದ ಅರಸ ಹರಿಯಪ್ಪನಾಯಕ ಅವನ್ನು ತನ್ನ ಭಂಡಾರಕ್ಕೆ ಸೇರಿಸಿಕೊಂಡ. ಆದರೆ ಪೆಟ್ಟಿಗೆಯ ಮಕಮಲ್ಲಿನಲ್ಲಿ ಒಂದು ಕುಳಿ ಬರಿದಾಗಿತ್ತು. ಕಾಫಿಯ ಹೂಜಿ ಇರಲಿಲ್ಲ. ಪ್ರಧಾನಿಗೂ ಪಿಂಗಾಣಿಯ ಹುಚ್ಚೆಂದು ಬಲ್ಲ ಮಾದಣ್ಣ ಸೇಡನ್ನು ಒಡಲಲ್ಲೇ ಅಡಗಿಸಿಕೊಂಡು, ಆ ಪೆಟ್ಟಿಗೆ ಮಾರಿದ ವರ್ತಕನನ್ನು ಪುದುಚೇರಿಯಿಂದ ಹುಡುಕಿ ತಂದ. ಬಳಿಕ ಅರಸನ ಆಸೆಗೆ ಕಿಡಿ ಹಚ್ಚಿದ. ಹೂಜಿ ತಂದವನಿಗೆ ಉಂಬಳಿ ಎಂದು ಡಂಗುರ ಸಾರಿತು.

ಈ ವಿಜಯದಶಮಿಯ ಒಡ್ಡೋಲಗದಲ್ಲಿ ನರಸಪ್ಪಯ್ಯನೇ ಹೂಜಿ ಹಿಡಿದು ನಿಂತ. “ಮಹಾಪ್ರಭು, ಮೊನ್ನೆ ಪುದುಚೇರಿಯಿಂದ ತರಿಸಿದೆ.”

ಮಾದಣ್ಣ ಅದನ್ನು ಪೆಟ್ಟಿಗೆಯ ಕುಳಿಯಲ್ಲಿಟ್ಟ. ಎಳ್ಳಷ್ಟೂ ಸಂದಿಲ್ಲದಂತೆ ಕೂತಿತು. “ಬುದ್ಧಿ, ಇದನ್ನು ಮಾರಿದವರೂ ಬಂದಿದ್ದಾರೆ,” ಎಂದು ತೆರೆ ಸರಿಸಿದ.

ವರ್ತಕನ ಮಾತನ್ನು ದುಭಾಷಿ ತಿಳಿಸಿದ: “ಹೂಜಿಯೂ ಸೇರಿದಂತೆ ಇಡೀ ಪೆಟ್ಟಿಗೆಯನ್ನು ಎರಡು ವರ್ಷದ ಹಿಂದೆ ಈ ಪ್ರಧಾನಿಯವರಿಗೇ ಒಪ್ಪಿಸಿದರಂತೆ.”

ನರಸಪ್ಪಯ್ಯ ಹೂಜಿಯೊಂದನ್ನು ಇಟ್ಟುಕೊಂಡು ಉಳಿದದ್ದನ್ನು ದಳವಾಯಿಯ ಮನೆಯಲ್ಲಿ ತಾನೇ ಇರಿಸಿದ್ದ. ಅಂದವಾದುದೊಂದನ್ನು ಬಿಡಲಾರದ ಆಸೆ ಅವನ ಕೊರಳಿಗೆ ಉರುಲಾಗಿತ್ತು. ಭಟರು ಅವನನ್ನು ವಧಾಸ್ಥಾನಕ್ಕೆ ಎಳೆದೊಯ್ಯುವಾಗ ಮಾದಣ್ಣ ರೆಪ್ಪೆ ಮಿಟುಕಿಸಲಿಲ್ಲ.

“ನಿನ್ನ ಅಣ್ಣ ನಿರ್ದೋಷಿ. ಏನು ಬೇಕೋ ಕೇಳು, ನಾಯಕ,” ಎಂದ ಅರಸ ತಗ್ಗಿದ ದನಿಯಲ್ಲಿ.

“ಈ ಪಿಂಗಾಣಿಯನ್ನೆಲ್ಲ ತಮ್ಮ ಕೈಯಾರೆ ಒಡೆಯಬೇಕು, ಪ್ರಭು. ನಮ್ಮತ್ತಿಗೆ ನೋಡಬೇಕು.”

ದಳವಾಯಿಯ ಹೆಂಡತಿ ಪದುಮವ್ವ ಬಂದು ಕಂಬದ ಬಳಿ ನಿಂತಳು. ಅರಸ ಮೊದಲ ಬಟ್ಟಲೆತ್ತಿದ. ಕೈ ನಡುಗಿತು, ಎಸೆಯಲಾಗಲಿಲ್ಲ.

“ನನ್ನ ಗಂಡನ ತಲೆಗೆ ಅಪ್ಪಣೆ ಕೊಟ್ಟಾಗ ಈ ಕೈ ನಡುಗಲಿಲ್ಲವಲ್ಲ, ದೊರೆ!” ಎಂದಳು ಪದುಮವ್ವ.

ಬಟ್ಟಲು ನೆಲಕ್ಕಪ್ಪಳಿಸಿ ಚೂರಾಯಿತು. ಕೊನೆಯ ತಟ್ಟೆ ಒಡೆಯುವ ತನಕ ಅತ್ತಿಗೆ ಮೈದುನರಿಬ್ಬರೂ ಕದಲಲಿಲ್ಲ.