ಓಡದ ಮದುವೆ ವಿಡಿಯೊ

ಹುಳು ಮನೆಯ ಬಾಗಿಲು ತೆಗೆದ ಕವಿತ ಹಾಗೇ ನಿಂತುಬಿಟ್ಟಳು. ಇನ್ನೇನು ಗೂಡು ಕಟ್ಟಬೇಕಿದ್ದ ರೇಷ್ಮೆಹುಳುಗಳೆಲ್ಲ ಹಸಿರು ನೀರು ಕಕ್ಕಿಕೊಂಡು, ತಟ್ಟೆಗಳಲ್ಲೇ ಮುದುರಿ ಸತ್ತಿದ್ದವು.

ದೂರು ಕೇಳಿ ಶಿಡ್ಲಘಟ್ಟದಿಂದ ಜಂಗಮಕೋಟೆಗೆ ಬಂದ ಸಬ್ ಇನ್‌ಸ್ಪೆಕ್ಟರ್ ಲಾವಣ್ಯ ಕೀಟನಾಶಕದ ವಾಸನೆಗೆ ಮೂಗು ಮುಚ್ಚಿಕೊಂಡು ಒಳಗೆ ಕಾಲಿಟ್ಟಳು.

“ಪಕ್ಕದ ತೋಟದ ಆಂಜನಪ್ಪನ ಕೆಲಸ ಮೇಡಂ,” ಎಂದ ಕವಿತಳ ಅಣ್ಣ ರಮೇಶ್‌ಬಾಬು. “ಬೆಳಗ್ಗೆ ದ್ರಾಕ್ಷಿಗೆ ಔಷಧಿ ಹೊಡೀತಿದ್ದ.”

“ಹೊಡೆದಿದ್ದು ನಿಜ. ಆದ್ರೆ ಗಾಳಿ ಇಲ್ಲಿಂದ ಆ ಕಡೆಗೆ ಬೀಸ್ತಿತ್ತು ಕಣಮ್ಮ!” ಎಂದ ಆಂಜನಪ್ಪ, ತನ್ನ ತೋಟದತ್ತ ಕೈ ತೋರಿಸಿ.

ಲಾವಣ್ಯ ಒಳಗೆಲ್ಲ ನೋಡಿದಳು. ಕಿಟಕಿಗಳು ಮುಚ್ಚಿದ್ದವು. ಒಳಮೂಲೆಯ ತಟ್ಟೆಗಳೇ ಹೆಚ್ಚು ನೆನೆದಿದ್ದವು. ಯಾರೋ ಒಳಗೇ ನಿಂತು ಸಿಂಪಡಿಸಿದ್ದರು. ಬೀಗ ಮಾತ್ರ ಮುರಿದಿರಲಿಲ್ಲ.

“ಬೀಗದ ಕೈ ಯಾರ್‍ಯಾರ ಹತ್ರ ಇದೆ?”

“ನನ್ನ ಹತ್ರ, ಅಣ್ಣನ ಹತ್ರ. ನಾನು ಆಳುಗಳ ಜೊತೆ ಸೊಪ್ಪು ಕೊಯ್ತಿದ್ದೆ,” ಎಂದಳು ಕವಿತ.

“ನೀವು?”

“ಮನೇಲಿ, ಕಂಪ್ಯೂಟರ್ ಮುಂದೆ,” ಎಂದ ರಮೇಶ್‌ಬಾಬು. “ಮಗಳ ಮದುವೆ ವಿಡಿಯೊ ನೋಡ್ತಿದ್ದೆ. ನಿನ್ನೆ ತಾನೆ ಚಿಂತಾಮಣಿ ಸ್ಟುಡಿಯೋದಿಂದ ತಂದಿದ್ದು. ಮುಗಿಯೋವರೆಗೂ ಎದ್ದೇ ಇಲ್ಲ.”

“ಚೆನ್ನಾಗಿ ಓಡ್ತಾ?”

“ನೀರು ಹರಿದಂಗೆ ಮೇಡಂ! ಹಾರದ ಒಂದೊಂದು ಹೂವೂ ಕಾಣ್ತಿತ್ತು.”

ಲಾವಣ್ಯ ಅಣ್ಣ ತಂಗಿ ಇಬ್ಬರನ್ನೂ ಕರೆದುಕೊಂಡು ಅವನ ಮನೆಗೆ ಹೋಗಿ, ಹಳೆಯ ಕಂಪ್ಯೂಟರಿನಲ್ಲಿ ಅದೇ ವಿಡಿಯೊ ಹಾಕಿಸಿದಳು. ನಾದಸ್ವರ ಮುಂದೆ ಸಾಗಿತು, ಚಿತ್ರ ಸಾಗಲಿಲ್ಲ. ಹಾರ ಎತ್ತಿದ ವರನ ಕೈ ಗಾಳಿಯಲ್ಲೇ ನಿಂತಿತು. ಫ್ಯಾನು ಗುರ್ರೆಂದಿತು. ಮತ್ತೆ ಹಾಕಿದಳು — ಅದೇ ಪಾಡು.

“ಬೆಳಗ್ಗೆ ಓಡಿತ್ತು...”

“ಸುಳ್ಳು. ಇದು ಹೈ ಡೆಫಿನಿಷನ್ ವಿಡಿಯೊ. ಇದನ್ನ ಬಿಚ್ಚಿ ತೋರಿಸೋ ತಾಕತ್ತು ಈ ಹಳೇ ಪ್ರೊಸೆಸರ್‌ಗಿಲ್ಲ. ನೀವು ನೋಡಿದ್ದು ಸ್ಟುಡಿಯೋದಲ್ಲಿ. ಇಲ್ಲಿ ಒಂದು ಸಲ ಹಾಕಿದ್ರೂ ನಿಮಗೆ ಗೊತ್ತಾಗ್ತಿತ್ತು. ಎಲ್ಲರೂ ದ್ರಾಕ್ಷಿ ತೋಟ ನೋಡಿದ್ರು, ಕಂಪ್ಯೂಟರ್ ಯಾರೂ ನೋಡ್ಲಿಲ್ಲ. ಬೀಗ ತೆಗೆದು ಔಷಧಿ ಹೊಡೆದವರು ನೀವೇ, ರಮೇಶ್‌ಬಾಬು.”

ಅವನು ತಲೆ ತಗ್ಗಿಸಲಿಲ್ಲ. “ಲೇಔಟ್‌ಗೆ ನಮ್ಮಿಬ್ಬರ ಜಮೀನು ಕೊಡೋಣ ಅಂದೆ. ಹುಳ ಸಾಕ್ತೀನಿ, ಕೊಡಲ್ಲ ಅಂದ್ಲು. ಹುಳ ತಾನೆ ಮೇಡಂ? ಹೆಂಗಿದ್ರೂ ಬಿಸಿನೀರಲ್ಲಿ ಬೇಯೋವೇ!”

ಲಾವಣ್ಯ ಮುಖ ಸಿಂಡರಿಸಿದಳು. ಕವಿತ ಬಾಗಿಲಾಚೆ ಹೋಗಿ ಕ್ಯಾಕರಿಸಿ ಉಗಿದು ಬಂದಳು.

“ಆಂಜನಪ್ಪಣ್ಣನ ಕೈಗೆ ಬೇಡಿ ಹಾಕಿಸ್ತಿದ್ದೆಯಲ್ಲೋ! ನಿನ್ನನ್ನ ಅಣ್ಣ ಅನ್ನೋಕೇ ಅಸಹ್ಯ ಆಗುತ್ತೆ. ಕರ್ಕೊಂಡು ಹೋಗಿ ಮೇಡಂ.”