ತಪಾಸಣೆಗೊಂದು ಜೋಡಿ ದೀಪ

ನವೆಂಬರ್ ಹನ್ನೊಂದು, ಸೋಮವಾರ ಬೆಳಿಗ್ಗೆ ಯಾರ್ವಿಕೊಸ್ಕಿ ಠಾಣೆಗೆ ದೂರು ಕೊಡಲು ಬಂದ ಹೆಂಗಸು ಅದೇ ಠಾಣೆಯ ಕಡತವೊಂದರಲ್ಲಿ ಆರೋಪಿಯೂ ಆಗಿದ್ದರು. ಹೆಸರು ಮಾರ್ಕೆಟ್ಟಾ ಸಾರಿಕ್ಕೊ, ವಯಸ್ಸು ಅರವತ್ತೊಂದು, ಊರಿನ ಶಾಲೆಯಲ್ಲಿ ಅಡುಗೆ ಕೆಲಸ. ಈ ತಿಂಗಳ ಒಂದನೇ ತಾರೀಕು ಸಂಜೆ ಆಕೆ ಓಡಿಸುತ್ತಿದ್ದ ಕಾರು, ಆಲೂಗೆಡ್ಡೆ ಹೊಲಗಳ ನಡುವಿನ ರಸ್ತೆಯಲ್ಲಿ ಎಡಕ್ಕೆ ತಿರುಗಲೆಂದು ನಿಂತಿದ್ದ ಇನ್ನೊಂದು ಕಾರಿನ ಹಿಂಬದಿಗೆ ಗುದ್ದಿತ್ತು. ಪಕ್ಕದಲ್ಲಿ ಕೂತಿದ್ದ ತಂಗಿ ಸಿರ್ಕಾ ಅಲ್ಲೇ ಪ್ರಾಣ ಬಿಟ್ಟಿದ್ದರು. ಮರುದಿನ ಸಮಾಧಿಗಳ ಮೇಲೆ ಹಚ್ಚುವ ಮೇಣದಬತ್ತಿ ಕೊಳ್ಳಲು ಅಕ್ಕತಂಗಿ ಪೇಟೆಗೆ ಹೋಗಿ ಬರುತ್ತಿದ್ದರು. ನಿರ್ಲಕ್ಷ್ಯದಿಂದ ಸಾವಿಗೆ ಕಾರಣವಾದ ಆರೋಪ ಮಾರ್ಕೆಟ್ಟಾ ಮೇಲಿತ್ತು.

ಇನ್ಸ್‌ಪೆಕ್ಟರ್ ಸೈಲಾ ಪಾನುಲಾ ಕುರ್ಚಿ ತೋರಿಸಿದಳು. ಈಕೆ ಏನು ಹೇಳುತ್ತಾರೆಂದು ಅವಳಿಗೆ ಮೊದಲೇ ಗೊತ್ತಿತ್ತು. ವಯಸ್ಸಾದವರು ಗುದ್ದಿದ ಮೇಲೆ ಹೇಳುವುದೆಲ್ಲ ಒಂದೇ.

"ದೂರು ಯಾರ ಮೇಲೆ?"

"ಆ ಹುಡುಗನ ಮೇಲೆ. ಯೆಸ್ಸೆ ಹಾಪೊಯಾ. ಅವನ ಕಾರಿಗೆ ಲೈಟ್ ಇರ್ಲಿಲ್ಲ."

"ನಮ್ಮ ಗಸ್ತಿನವರು ತೆಗೆದ ಫೋಟೋದಲ್ಲಿ ಬಲಗಡೆ ಟೇಲ್ ಲೈಟ್ ನೆಟ್ಟಗಿದೆ. ಉರೀತಾನೂ ಇದೆ. ನೀವು ಗುದ್ದಿದ್ದು ಎಡಕ್ಕೆ, ಒಡೆದದ್ದು ಎಡಗಡೇದು ಮಾತ್ರ."

"ನಂಗೂ ತೋರ್ಸಿದ್ರು. ಆದ್ರೆ ನಾನು ನೋಡ್ದಾಗ ಇರ್ಲಿಲ್ಲ ಕಣಮ್ಮ."

"ನಿಮ್ಮ ಎಡಗಣ್ಣಲ್ಲಿ ಪೊರೆ ಶುರುವಾಗಿದೆ ಅಂತ ಡಾಕ್ಟರು ಬರೆದಿದಾರೆ."

"ಬರೀಲಿ. ಪೊರೆ ಬಂದೋರಿಗೆ ದೀಪದ ಸುತ್ತ ಬಳೆ ಕಾಣುತ್ತೆ. ದೀಪಾನೇ ಮಾಯ ಆಗಲ್ಲ."

ಸೈಲಾ ಬರೆಯುತ್ತಿದ್ದ ಪೆನ್ನು ನಿಲ್ಲಿಸಿದಳು. "ಗುದ್ದಿದ ಮೇಲೆ?"

"ಗಾಳಿಚೀಲ ಮುಖಕ್ಕೆ ಬಡಿದು ತಲೆ ಗಿಮ್ ಅಂತಿತ್ತು. ಮುಂದ್ಗಡೆ ಯಾರೋ ಟಕ್ ಟಕ್ ಅಂತ ಏನೋ ಬಿಚ್ತಾ ಇದ್ರು. ಸಿರ್ಕಾಳ ಬಾಗಿಲು ತೆಗೀತಾ ಇದಾರೆ ಅಂದ್ಕೊಂಡೆ. ಎಷ್ಟೊತ್ತಾದ್ರೂ ಯಾರೂ ಬಾಗಿಲು ತೆಗೀಲಿಲ್ಲ." ಮಾರ್ಕೆಟ್ಟಾ ಕೈಚೀಲವನ್ನು ತೊಡೆಯ ಮೇಲೆ ಎಳೆದುಕೊಂಡರು. "ನಾನೇ ಕೊಂದಿದ್ರೆ ಒಪ್ಕೋತೀನಿ. ಈಗೀಗ ನಂಗೇ ಅನುಮಾನ ಬರ್ತಿದೆ. ಇಪ್ಪತ್ಮೂರಕ್ಕೆ ಅವಳ ಮಣ್ಣು. ಮಣ್ಣಿಗೆ ನೀನು ಬರಬೇಡ ದೊಡ್ಡಮ್ಮ ಅಂತ ಅವಳ ಮಗ ಸಂತೇರಿ ಫೋನ್ ಮಾಡಿ ಹೇಳಿದ. ಅಷ್ಟರೊಳಗೆ ಯಾವುದಾದ್ರೂ ಒಂದು ಹೇಳಿ."

ದೂರು ದಾಖಲಾಯಿತು. ಆಕೆ ಹೋದ ಮೇಲೆ ಕಾನ್‌ಸ್ಟೇಬಲ್ ಹುಕ್ಕಲಾ ಕಾಫಿ ಹಿಡಿದುಕೊಂಡು ಒಳಗೆ ಬಂದ. ಆ ಸಂಜೆ ಗಸ್ತಿನಲ್ಲಿದ್ದವನು ಅವನೇ, ಹಾಗಾಗಿ ದೂರು ಅವನಿಗೆ ನೇರವಾಗಿ ಚುಚ್ಚಿತ್ತು.

"ನಾನು ಕಣ್ಣಾರೆ ನೋಡಿದೀನಿ ಸೈಲಾ. ಉರೀತಿತ್ತು. ಸಾಲದ್ದಕ್ಕೆ ಸತ್ತವಳ ಮಗ ಸಂತೇರಿಯೇ ನಾಲ್ಕನೇ ತಾರೀಕು ಠಾಣೆಗೆ ಬಂದು ಹೇಳಿಕೆ ಕೊಟ್ಟಿದಾನೆ. ಅವತ್ತು ಮಧ್ಯಾಹ್ನ ಯೆಸ್ಸೆಯ ಕಾರು ರಸ್ತೇಲಿ ಹೋಗೋದು ನೋಡ್ದೆ, ದೀಪ ಸ್ವಚ್ಛವಾಗಿತ್ತು, ಆ ಕಾರನ್ನ ನಾನು ಮುಟ್ಟಿದ್ದೇ ಇಲ್ಲ ಅಂತ. ತಾಯಿ ಕಳ್ಕೊಂಡವನು ಅವಳಿಗೆ ಅಡ್ಡ ನಿಂತವನ ಪರ ಯಾಕೆ ಸುಳ್ಳು ಹೇಳ್ತಾನೆ?"

"ನಿಜಾನಾದ್ರೂ ಯಾಕೆ ಹೇಳ್ಬೇಕು? ಯಾರು ಕೇಳಿದ್ರು ಅವನ್ನ?"

ಸೈಲಾ ಫೋಟೋಗಳನ್ನು ಮೇಜಿನ ಮೇಲೆ ಹರಡಿದಳು. ಮೂರನೆಯದನ್ನು ಕಾರಿನ ಬಲಗಡೆಯಿಂದ ತೆಗೆದಿತ್ತು. ಅಪಾಯ ಸೂಚಿಸಲು ಎಲ್ಲ ಇಂಡಿಕೇಟರುಗಳನ್ನೂ ಒಟ್ಟಿಗೆ ಹಾಕಿದ್ದರು. ಮುಂದಿನದು ಹಳದಿಯಾಗಿ ಹೊಳೆಯುತ್ತಿತ್ತು, ಹಿಂದಿನದೂ ಹೊಳೆಯುತ್ತಿತ್ತು. ಮುಂಚಕ್ರದ ಮೇಲೆ, ಬಾಡಿಯ ಪಕ್ಕಕ್ಕೆ ಕೂರಿಸಿದ ಬೆರಳುದ್ದದ ದೀಪ ಮಾತ್ರ ಇದ್ದಿಲಿನ ಚೂರಿನಂತೆ ಕಪ್ಪಗಿತ್ತು.

"ಇದು ಯಾಕೆ ಸತ್ತಿದೆ?"

"ಸತ್ತಿಲ್ಲ. ಟಿಂಟ್ ಹೊಡೆದಿದಾನೆ, ಕಪ್ಪು ಸ್ಪ್ರೇ. ಊರಲ್ಲಿ ಅರ್ಧ ಹುಡುಗರ ಕಾರು ಹಾಗೇ ಇದೆ. ಕಾರು ಗಂಭೀರವಾಗಿ ಕಾಣುತ್ತಂತೆ."

"ಪಕ್ಕದ ಪುಟಾಣಿ ದೀಪಕ್ಕೆ ಹೊಡೆದೋನು ಹಿಂದಿನ ದೊಡ್ಡದನ್ನ ಯಾಕೆ ಬಿಟ್ಟ? ಮೀಸೆಗೆ ಬಣ್ಣ ಹಚ್ಚಿ ತಲೆಕೂದಲು ಬೆಳ್ಳಗೇ ಬಿಡೋರನ್ನ ಎಲ್ಲಾದ್ರೂ ನೋಡಿದ್ದೀಯಾ?"

ಹುಕ್ಕಲಾ ಫೋಟೋ ಎತ್ತಿಕೊಂಡು ಕಿಟಕಿಯ ಬೆಳಕಿಗೆ ಹಿಡಿದ. ಅವನ ಕಿವಿ ಕೆಂಪಾಯಿತು. ಆ ದಿನವೇ ಠಾಣೆಯ ಹಿತ್ತಲಿನಲ್ಲಿ ನಿಲ್ಲಿಸಿದ್ದ ಯೆಸ್ಸೆಯ ಕಾರಿನಿಂದ ಬಲಗಡೆಯ ದೀಪವನ್ನು ಬಲ್ಬುಗಳ ಸಮೇತ ಬಿಚ್ಚಿ, ಸೀಲು ಹಾಕಿ, ಪ್ರಯೋಗಾಲಯಕ್ಕೆ ಕಳಿಸಿದರು.

ಗುರುವಾರ ಉತ್ತರ ಬಂತು. ಉರಿಯುತ್ತಿರುವ ಬಲ್ಬಿನ ತಂತಿ ಕಾದು ಮೆತ್ತಗಿರುತ್ತದೆ. ಕಾರಿಗೆ ಏಟು ಬಿದ್ದರೆ ಆ ತಂತಿ ಎಳೆದುಕೊಂಡು ಸೊಟ್ಟಗಾಗುತ್ತದೆ. ತಿರುಗಲು ನಿಂತ ಕಾರಿನಲ್ಲಿ ಬ್ರೇಕಿನ ಬಲ್ಬೂ ಟೇಲ್ ಬಲ್ಬೂ ಉರಿಯುತ್ತಿರಲೇಬೇಕು. ಈ ದೀಪದಲ್ಲಿ ಎರಡರ ತಂತಿಯೂ ಹೊಸದರಂತೆ ನೆಟ್ಟಗಿತ್ತು. ಒಂದೋ ಯೆಸ್ಸೆ ಲೈಟೇ ಹಾಕಿರಲಿಲ್ಲ, ಇಲ್ಲವೇ ಗುದ್ದಿದ ಹೊತ್ತಿನಲ್ಲಿ ಈ ದೀಪ ಆ ಕಾರಿನಲ್ಲಿರಲಿಲ್ಲ.

ಸೈಲಾ ಊರ ಹೊರಗಿನ ವಾಹನ ತಪಾಸಣಾ ಕೇಂದ್ರಕ್ಕೆ ಹೋದಳು. ವರ್ಷಕ್ಕೊಮ್ಮೆ ಎಲ್ಲ ಕಾರುಗಳೂ ಅಲ್ಲಿ ಪಾಸಾಗಬೇಕು. ತಪಾಸಕ ಓಲವಿ ಕೈ ಒರೆಸಿಕೊಂಡು ದೀಪದ ಫೋಟೋ ನೋಡಿದ, ಮತ್ತೆ ಅವಳ ಮುಖ ನೋಡಿದ.

"ಯೆಸ್ಸೆ ಕಾರು ಒಂದನೇ ತಾರೀಕು ಬೆಳಿಗ್ಗೇನೇ ಬಂದಿತ್ತು. ದೀಪ ಕೆಂಪಗಿತ್ತು, ಪಾಸ್ ಮಾಡ್ದೆ."

"ಇದೇ ದೀಪಾನಾ?"

"ಇದೇ. ಮೂಲೇಲಿ ಈ ಬಿರುಕು ನಂಗೆ ಚೆನ್ನಾಗಿ ಪರಿಚಯ. ಅವನ ಗೆಳೆಯರ ಗ್ಯಾಂಗಿನವರದೆಲ್ಲ ಒಂದೇ ಮಾದರಿ ಕಾರು. ಸ್ವಚ್ಛ ದೀಪ ಅಂತ ಇರೋದು ಒಂದೇ ಜೋಡಿ. ಬಡವರ ಮನೆ ಮದುವೆ ಕೋಟಿದ್ದಂಗೆ, ತಪಾಸಣೆ ಯಾರಿಗಿದೆಯೋ ಅವರ ಮೈಮೇಲಿರುತ್ತೆ. ಮುಗಿದ ಮಧ್ಯಾಹ್ನವೇ ಬಿಚ್ಚಿ ಕಪ್ಪಗಿರೋದನ್ನ ಹಾಕ್ಕೋತಾರೆ."

"ಗೊತ್ತಿದ್ದೂ ಪಾಸ್ ಮಾಡ್ತಿದ್ದೆ."

"ನನ್ನ ಮುಂದೆ ನಿಂತಾಗ ಕಾರು ಸರಿ ಇರುತ್ತೆ. ಮನೆಗೆ ಹೋಗಿ ಏನ್ ಮಾಡ್ತಾರೆ ಅಂತ ಹಿಂದೆ ಹೋಗಿ ನೋಡ್ಲಾ?" ಓಲವಿಯ ದನಿ ತಗ್ಗಿತು. "ಒಬ್ಬರು ಸಾಯೋವರೆಗೂ ಎಲ್ಲರಿಗೂ ಅದು ತಮಾಷೆ."

"ಪಕ್ಕದ ದೀಪ? ಅದು ಕಪ್ಪಗೇ ಇತ್ತಲ್ಲ."

"ಅದನ್ನ ನಾನು ಬಾಯಲ್ಲಿ ಬೈದು ಬಿಟ್ಬಿಡ್ತೀನಿ. ಅವರಿಗೂ ಗೊತ್ತು. ಹಾಗಾಗಿ ಅದನ್ನ ಯಾವತ್ತೂ ಬದಲಾಯಿಸಲ್ಲ."

ಸೈಲಾಗೆ ಉಳಿದದ್ದು ಅರ್ಥವಾಯಿತು. ಗುದ್ದಿಸಿಕೊಂಡವನು ತಪಾಸಣೆಗೆ ಮಾಡುವ ಕೆಲಸವನ್ನೇ ಕತ್ತಲಲ್ಲಿ ಮಾಡಿದ್ದ. ತಪಾಸಣೆ ಮುಗಿದ ಮೇಲೆ ಬಿಚ್ಚಿದ ಸ್ವಚ್ಛ ಜೋಡಿ ಇನ್ನೂ ಕಾರಿನಲ್ಲೇ ಇತ್ತು. ಬಲಗಡೆಯದನ್ನು ಕೂರಿಸಿ, ಎಡಗಡೆಯದನ್ನು ತುಳಿದು ಪುಡಿ ಮಾಡಿ ರಸ್ತೆಯ ಮೇಲೆ ಚೆಲ್ಲಿದ್ದ. ಕಪ್ಪಗಿದ್ದ ಜೋಡಿಯನ್ನು ಅಲ್ಲೇ ಎಲ್ಲೋ ಎಸೆದಿರಬೇಕು. ತಪಾಸಣೆಯವರು ಬೈದು ಬಿಟ್ಟುಬಿಡುವ ಪಕ್ಕದ ದೀಪವನ್ನು ಪೊಲೀಸರು ನೋಡುತ್ತಾರೆಂದು ಅವನಿಗೆ ಹೊಳೆದೇ ಇರಲಿಲ್ಲ.

ನವೆಂಬರ್ ಹದಿನೆಂಟರಂದು ಇಬ್ಬರು ಸಾಕ್ಷಿಗಳ ಸಮಕ್ಷಮ ಅಪಘಾತವಾದ ಜಾಗದ ಪಕ್ಕದ ಹೊಲದ ಕಾಲುವೆಯನ್ನು ಹುಡುಕಿಸಿದರು. ನೀರಿನ ಮೇಲೆ ತೆಳುವಾಗಿ ಮಂಜುಗಡ್ಡೆ ಕಟ್ಟಿತ್ತು. ಮೊಣಕಾಲುದ್ದದ ಬೂಟು ಹಾಕಿಕೊಂಡು ತಾನೇ ಇಳಿಯುತ್ತೇನೆಂದು ಹುಕ್ಕಲಾ ಹಟ ಹಿಡಿದ, ಯಾರೂ ತಡೆಯಲಿಲ್ಲ. ಒಂದು ಕಡೆ ಕೆಂಪು ಇನ್ನೊಂದು ಕಡೆ ಕಪ್ಪು ಇದ್ದ ಚೂರುಗಳು ಸಿಕ್ಕವು. ಸ್ವಲ್ಪ ದೂರದಲ್ಲಿ ಬಲಗಡೆಯ ದೀಪ ಇಡಿಯಾಗಿ ಸಿಕ್ಕಿತು. ಪಂಚನಾಮೆ ಬರೆದು ಸಹಿ ಹಾಕಿಸಿದ ಮೇಲೆ ಸೈಲಾ ಆ ದೀಪವನ್ನು ಟಾರ್ಚಿನ ಬಾಯಿಗೆ ಹಿಡಿದು ನೋಡಿದಳು. ಅತ್ತ ಕಡೆಗೆ ಒಣಗಿದ ಗಾಯದ ಬಣ್ಣದ ಒಂದು ಬೆಳಕಿನ ಚುಕ್ಕೆ ಬಂತು, ಅಷ್ಟೆ. ಅವಳಿಗೆ ಮಾರ್ಕೆಟ್ಟಾ ಎದುರು ಕೂತು ಕಣ್ಣಿನ ಡಾಕ್ಟರ ಮಾತು ಎತ್ತಿದ್ದಕ್ಕೆ ನಾಚಿಕೆಯಾಯಿತು.

ದೀಪದ ಅಂಚಿನಲ್ಲಿ, ಬಣ್ಣ ಹಸಿಯಿದ್ದಾಗ ಯಾರೋ ಒತ್ತಿದ್ದ ಒಂದು ಹೆಬ್ಬೆರಳಿನ ಗುರುತು ಒಣಗಿ ಕೂತಿತ್ತು.

ಅದೇ ಸಂಜೆ ಯೆಸ್ಸೆ ಹಾಪೊಯಾನನ್ನು ಅವನು ಕೆಲಸ ಮಾಡುವ ಮರದ ಮಿಲ್ಲಿನಿಂದ ಕರೆತಂದರು. ಇಪ್ಪತ್ತೇಳರ ಯುವಕ. ಮೇಜಿನ ಮೇಲಿನ ದೀಪ ನೋಡಿದೊಡನೆ ಅವನ ಭುಜ ಇಳಿಯಿತು.

"ಆಂಬುಲೆನ್ಸಿಗೆ ಫೋನ್ ಮಾಡಿದ್ದು ಯಾವಾಗ? ದೀಪ ಬದಲಾಯಿಸೋ ಮೊದಲೋ, ಆಮೇಲೋ?"

"ಆಮೇಲೆ."

"ಒಳಗೆ ಇಬ್ಬರಿದ್ರು."

"ಹತ್ರ ಹೋಗಿ ನೋಡ್ಲಿಲ್ಲ. ನೋಡಿದ್ರೆ ಕೈ ಓಡ್ತಿರ್ಲಿಲ್ಲ."

"ಆಕೆ ತಕ್ಷಣ ತೀರಿಕೊಂಡಿದಾರೆ ಅಂತ ಡಾಕ್ಟರು ಬರೆದಿದಾರೆ. ಅದು ನಿನ್ನ ಪುಣ್ಯ. ನಿನಗೆ ಅದು ಗೊತ್ತಿರಲಿಲ್ಲ ಅನ್ನೋದು ನೆನಪಿರಲಿ."

ಯೆಸ್ಸೆ ತಲೆಯಾಡಿಸಿದ. ಲೈಸೆನ್ಸ್ ಹೋದರೆ ಮಿಲ್ಲಿನ ಕೆಲಸವೂ ಹೋಗುತ್ತದೆಂದು ಹೆದರಿದೆ ಎಂದ.

"ಟಿಂಟ್ ಹೊಡೆದದ್ದು ಯಾರು?"

"ನಾನೇ."

"ಎಲ್ಲಿ?"

"ಮನೇಲಿ. ಅಲ್ಲ, ಹೊರಗೆ. ಹೊರಗೇ."

"ಗುದ್ದಿದ್ದು ಯಾರ ಕಾರು ಅಂತ ಯಾವಾಗ ಗೊತ್ತಾಯ್ತು?"

ಅಲ್ಲಿಯವರೆಗೆ ಪಟಪಟ ಉತ್ತರ ಕೊಡುತ್ತಿದ್ದವನು ಗೋಡೆ ನೋಡುತ್ತ ಕೂತ. "ಆಂಬುಲೆನ್ಸಿನವರು ಹೆಸರು ಹೇಳಿದಾಗ," ಎಂದ. ಅವನ ಕಣ್ಣಲ್ಲಿ ನೀರಿತ್ತು. ತನಗಾಗಿ ಅಳುವವನ ನೀರು ಅದಲ್ಲ ಎಂದು ಸೈಲಾಗೆ ಅನ್ನಿಸಿತು.

ಹೆಬ್ಬೆರಳು ಯೆಸ್ಸೆಯದಾಗಿರಲಿಲ್ಲ. ಎರಡು ದಿನ ಕೇಳಿದರೂ ಅವನು ನಾನೇ ನಾನೇ ಎನ್ನುವುದನ್ನು ಬಿಡಲಿಲ್ಲ. ಹಾಗಾದರೆ ಇವನು ಯಾರನ್ನು ಕಾಯುತ್ತಿದ್ದಾನೆ? ಸೈಲಾ ಮತ್ತೆ ಕಡತ ತೆರೆದು, ಯಾರೂ ಕೇಳದೆ ಬಂದು ಕೊಟ್ಟ ಆ ಹೇಳಿಕೆಯನ್ನು ಓದಿದಳು. ಆ ಕಾರನ್ನು ನಾನು ಮುಟ್ಟಿದ್ದೇ ಇಲ್ಲ.

ಇಪ್ಪತ್ತೊಂದು, ಗುರುವಾರ ಮಧ್ಯಾಹ್ನ ಅವಳು ಹುಕ್ಕಲಾನೊಡನೆ ಸಿರ್ಕಾಳ ಮನೆಗೆ ಹೋದಳು. ಅಡುಗೆಮನೆಯಲ್ಲಿ ಸಿರ್ಕಾಳ ಗಂಡ ರೇಯೊ ಶನಿವಾರಕ್ಕೆ ಬೇಕಾಗುವ ಕಾಫಿ ಬಟ್ಟಲುಗಳನ್ನು ಒಂದೊಂದಾಗಿ ಒರೆಸಿ ಜೋಡಿಸುತ್ತಿದ್ದ. ಮಗ ಹಿತ್ತಲಿನ ಶೆಡ್ಡಿನಲ್ಲಿದ್ದಾನೆ ಎಂದ. ಶೆಡ್ಡಿನಲ್ಲಿ ಸಂತೇರಿ ಏನೂ ಮಾಡದೆ ಬೆಂಚಿನ ಮೇಲೆ ಕೂತಿದ್ದ. ಸ್ಪ್ರೇ ಡಬ್ಬಿಗಳಿರಬೇಕಾದ ಕಪಾಟು ಖಾಲಿಯಾಗಿತ್ತು. ಒಳಗಿನ ವಾಸನೆ ಮಾತ್ರ ಹೋಗಿರಲಿಲ್ಲ.

"ನಿನ್ನ ಬೆರಳಚ್ಚು ಬೇಕಿತ್ತು ಸಂತೇರಿ."

"ಯಾಕೆ?"

"ಯೆಸ್ಸೆಯ ದೀಪಾನ ಬಣ್ಣ ಒಣಗೋ ಮೊದಲೇ ಯಾರೋ ಮುಟ್ಟಿದಾರೆ."

ಅವನು ತನ್ನ ಬಲಗೈಯನ್ನು ತಿರುಗಿಸಿ ನೋಡಿಕೊಂಡ.

"ಚಳಿ ಇತ್ತು," ಎಂದ. "ಬೇಗ ಒಣಗ್ಲಿಲ್ಲ. ಅವನಿಗೆ ಅವಸರ."

ಹುಕ್ಕಲಾ ಬಾಯಿ ತೆರೆದ. ಸೈಲಾ ಕಣ್ಣಲ್ಲೇ ತಡೆದಳು.

"ತಪಾಸಣೆ ಮುಗಿಸಿ ಸೀದಾ ಇಲ್ಲಿಗೆ ಬಂದ. ಹಳೇ ಟಿಂಟ್ ತಿಳಿಯಾಗಿದೆ, ಇನ್ನೊಂದು ಕೋಟ್ ಹೊಡಿ ಅಂದ. ನಾನು ಎರಡು ಹೊಡೆದೆ. ಚೆನ್ನಾಗಿ ಬಂದಿತ್ತು. ಅಮ್ಮ ಪೇಟೆಗೆ ಹೊರಟವಳು ಬಾಗಿಲಲ್ಲಿ ನಿಂತು, ವಾಸನೆ ತಲೆಗೇರುತ್ತೆ, ಕಿಟಕಿ ತೆಗ್ದಿಡು ಅಂದ್ಲು."

"ಯೆಸ್ಸೆ ನಿನ್ನ ಹೆಸರು ಹೇಳಿಲ್ಲ."

"ಗೊತ್ತು. ಹೇಳೂ ಇಲ್ಲ." ಸಂತೇರಿ ಎದ್ದು ನಿಂತ. "ಅಪ್ಪಂಗೆ ನೀವು ಹೇಳ್ಬೇಡಿ. ನಾನೇ ಹೇಳ್ತೀನಿ."

ಸೈಲಾ ಒಪ್ಪಿದಳು. ನಿಯಮದ ಪ್ರಕಾರ ಜೊತೆಗೆ ಹೋಗಬೇಕಿತ್ತು; ಅವಳು ಮೆಟ್ಟಿಲ ಬಳಿಯೇ ನಿಂತಳು. ಒಳಗೆ ಬಟ್ಟಲುಗಳ ಸದ್ದು ನಿಂತಿತು. ಜೋರು ದನಿ ಯಾರದೂ ಕೇಳಲಿಲ್ಲ. ಸಂತೇರಿ ಹೊರಬಂದಾಗ ಹಿಂದೆಯೇ ಬಂದ ರೇಯೊ ಅವನಿಗೆ ಒಂದು ದಪ್ಪ ಉಣ್ಣೆಯಂಗಿ ಕೊಟ್ಟು ಬಾಗಿಲು ಹಾಕಿಕೊಂಡ. ಸಂಜೆ ನಾಲ್ಕಕ್ಕೆ ಬಂಧನ ದಾಖಲಾಯಿತು: ಸಂಚಾರಕ್ಕೆ ಅಪಾಯ ತಂದದ್ದು, ಪೊಲೀಸರಿಗೆ ಸುಳ್ಳು ಹೇಳಿಕೆ.

ವಿಚಾರಣೆಯ ಕೋಣೆಯಲ್ಲಿ ಸೈಲಾ ಕೇಳಲು ಉಳಿದಿದ್ದದ್ದು ಒಂದೇ ಪ್ರಶ್ನೆ.

"ದೊಡ್ಡಮ್ಮನ ಮೇಲೆ ಯಾಕೆ ಹಾಕಿದೆ?"

"ದೀಪ ಕಪ್ಪಗಿತ್ತು ಅಂತಾದ್ರೆ ಅಮ್ಮನ್ನ ಕೊಂದಿದ್ದು ನಾನು. ದೊಡ್ಡಮ್ಮನ ಕಣ್ಣು ಮಂಜಾಗಿತ್ತು ಅಂತಾದ್ರೆ ಅದು ಬರೀ ಅಪಘಾತ." ಅವನು ಮೂಗು ಒರೆಸಿಕೊಂಡ. "ಅವಳನ್ನ ಬೈದಾಗೆಲ್ಲ ಒಂದು ಗಳಿಗೆ ನಿಜಾನೇ ಅನ್ಸ್ತಿತ್ತು."

ಸೈಲಾ ಅದನ್ನು ಅವನ ಮಾತಿನಲ್ಲೇ ಬರೆದುಕೊಂಡಳು. ಕೆಡುಕ ಎಂದು ಬರೆಯುವುದು ಸುಲಭವಿತ್ತು, ಆದರೆ ಹಾಗೆ ಬರೆಯಲು ಅವಳ ಮನಸ್ಸು ಒಪ್ಪಲಿಲ್ಲ. ತಾಯಿಯನ್ನು ಕಳೆದುಕೊಂಡ ದುಃಖವನ್ನಾದರೂ ಶುದ್ಧವಾಗಿ ಇಟ್ಟುಕೊಳ್ಳಲು ಹೋಗಿ ಅವನು ಇನ್ನೊಬ್ಬ ಹೆಂಗಸಿನ ತಲೆಗೆ ಕೊಲೆ ಕಟ್ಟಿದ್ದ.

ಕತ್ತಲಾಗುವಾಗ ಅವಳು ಮಾರ್ಕೆಟ್ಟಾಗೆ ಫೋನ್ ಮಾಡಿ, ಆಕೆಯ ಮೇಲಿನ ಆರೋಪ ಬಿದ್ದುಹೋಯಿತೆಂದೂ, ಯಾಕೆಂದೂ ಹೇಳಿದಳು. ಅತ್ತ ಕಡೆ ನೀರಿನ ನಲ್ಲಿ ಹರಿಯುತ್ತಿತ್ತು, ಅದನ್ನು ಯಾರೋ ನಿಲ್ಲಿಸಿದರು.

"ಹಾಗಾದ್ರೆ ಲೈಟ್ ಇರ್ಲಿಲ್ಲ."

"ಇರ್ಲಿಲ್ಲ."

"ಸಂತೇರಿ ಈಗ ಎಲ್ಲಿದಾನೆ?"

"ಇಲ್ಲೇ, ಲಾಕಪ್ಪಲ್ಲಿ."

"ಶನಿವಾರ ಅವಳ ಶವಪೆಟ್ಟಿಗೆ ಹೊರೋಕೆ ಅವನು ಬೇಕು. ಮುಂದಿನ ಹಿಡಿ ಮಗಂದು." ಮಾರ್ಕೆಟ್ಟಾ ಉಸಿರು ಎಳೆದುಕೊಂಡರು. "ಕ್ಷಮಿಸಿಬಿಟ್ಟೆ ಅಂತಲ್ಲಮ್ಮ. ಅದು ನನ್ನಿಂದ ಆಗುತ್ತೋ ಇಲ್ವೋ ಗೊತ್ತಿಲ್ಲ. ಆದ್ರೆ ಅವಳ ಮಣ್ಣಿಗೆ ಬರಬೇಡ ಅಂತ ಹೇಳಿಸ್ಕೊಂಡರೆ ಹೇಗಿರುತ್ತೆ ಅಂತ ನಂಗೆ ಗೊತ್ತು. ಅದನ್ನ ನಾನು ಯಾರಿಗೂ ಹೇಳಲಾರೆ."

ಸೈಲಾ ಫೋನ್ ಕೆಳಗಿಟ್ಟು, ಶನಿವಾರ ಅವನು ಹೊರಗಿರುವಂತೆ ಸಂತೇರಿಯ ಹೇಳಿಕೆಯನ್ನು ಹೇಗಾದರೂ ಮಾಡಿ ನಾಳೆ ಸಂಜೆಯೊಳಗೆ ಮುಗಿಸಬೇಕೆಂದು ಹುಕ್ಕಲಾನಿಗೆ ಹೇಳಿದಳು.